ಗಾಡಿ ಆಫ್ ಆಯ್ತು, ಹಾಡು ಮಾತ್ರ ನಿಲ್ಲಲಿಲ್ಲ

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಕೊಟ್ಟಿಗೆಹಾರದ ಹತ್ರ ಸಣ್ಣ ತೋಟ, ಕಾಫಿ ಮೆಣಸು. 7 ವರ್ಷದ ಹಳೇ ಡೀಸೆಲ್ ಪಿಕಪ್ ಇದೆ, ಕಾಫಿ ಮೂಟೆ ಚಿಕ್ಕಮಗಳೂರಿಗೆ, ಬಾಳೆಗೊನೆ ಚಾರ್ಮಾಡಿ ಇಳಿದು ಉಜಿರೆಗೆ ಅಂತ ವಾರಕ್ಕೆ ಮೂರ್ನಾಲ್ಕು ಸಲ ಓಡತ್ತೆ. ಕಳೆದ ಮಳೆಗಾಲದಿಂದ ಒಂದು ಕಾಟ ಶುರುವಾಗಿದೆ. ಓಡ್ತಾ ಓಡ್ತಾ ಮೀಟರ್ ಬೋರ್ಡ್ ಪೂರ್ತಿ ಸತ್ತು ಎಂಜಿನ್ ಆಫ್ ಆಗತ್ತೆ, ಒಂದೊಂದ್ಸಲ ಅರೆಗಳಿಗೆಲಿ ವಾಪಸ್ ಬರತ್ತೆ, ಒಂದೊಂದ್ಸಲ ನಿಂತೇ ಹೋಗತ್ತೆ, ಕೀ ತಿರುಗಿಸಿ ಮತ್ತೆ ಸೆಲ್ಫ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ತೋಟದ ಮಣ್ಣುರಸ್ತೆಲಿ ಜಾಸ್ತಿ. ಹೋದ ತಿಂಗಳು ಘಾಟಿ ತಿರುವಲ್ಲೇ ಆಯ್ತು, ಸ್ಟೇರಿಂಗ್ ಕಲ್ಲಾಗೋಯ್ತು, ಪಕ್ಕದಲ್ಲಿದ್ದ ನಮ್ಮ ಭಾವ ಅಣ್ಣಪ್ಪಸ್ವಾಮಿಗೆ ಹರಕೆ ಹೊತ್ಕೊಂಡ್ರು, ಪೆನ್‌ಡ್ರೈವ್ ಹಾಡು ಮಾತ್ರ ತನ್ನ ಪಾಡಿಗೆ ಹಾಡ್ತಾನೇ ಇತ್ತು. ಹಾಸನದ ಒಂದು ಗ್ಯಾರೇಜಲ್ಲಿ ಎರಡು ಸಲ ಬಿಟ್ಟೆ. ಮೊದಲು ಬ್ಯಾಟರಿ ಬದಲಾಯಿಸಿದ್ರು, ಆಮೇಲೆ ಡೈನಮೋ ಬಿಚ್ಚಿ ಹಾಕಿದ್ರು, ಸ್ಕ್ಯಾನರಲ್ಲಿ ಏನೂ ಬರ್ಲಿಲ್ಲ. ಗೋಡೌನ್ ಕೀ, ಗೇಟ್ ಕೀ ಎಲ್ಲ ಒಂದೇ ಗೊಂಚಲಲ್ಲಿ ಇರೋದ್ರಿಂದ ಗಾಡಿ ಕೀ ಒಂದನ್ನೇ ಬಿಚ್ಚಿ ಕೊಟ್ಟು ಬಸ್ಸಲ್ಲಿ ಬಂದಿದ್ದೆ, ನಾಲ್ಕು ದಿನ ಅವ್ರೇ ಓಡಿಸಿ ನೋಡಿದ್ರೂ ಒಂದ್ಸಲವೂ ನಿಲ್ಲಲಿಲ್ವಂತೆ. ಈಗ ಇಸಿಎಂ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ ಪೆಟ್ಟಿಗೆ, ಬದಲಾಯಿಸ್ಬೇಕು ಅಂತಾರೆ, ಅದರ ರೇಟು ಕೇಳಿ ನಿದ್ದೆ ಹಾರೋಗಿದೆ. ಮಂಜಿಗೆ ಅಂತ ಎರಡು ಫಾಗ್ ಲೈಟ್ ಹಾಕ್ಸಿದ್ದು ಬಿಟ್ರೆ ವೈರಿಂಗಿಗೆ ನಾನು ಕೈ ಹಾಕಿಲ್ಲ. ಏನು ಮಾಡ್ಲಿ?
- ಹೆಸರು ಬೇಡ, ಮೂಡಿಗೆರೆ ತಾಲೂಕು

ಉತ್ತರ: ಇಸಿಎಂ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರ್ಲಿ. ನಿಮ್ಮ ಪತ್ರ ಎರಡು ಸಲ ಓದ್ದೆ, ನಂಗೆ ಬೇಕಾದ್ದೆಲ್ಲ ನೀವೇ ಬರೆದಿದೀರ, ಆದ್ರೆ ಅದನ್ನ ಕಷ್ಟ ಹೇಳ್ಕೊಳೋ ಭರದಲ್ಲಿ ಹಾಗೇ ದಾಟ್ಕೊಂಡು ಹೋಗಿದೀರ ಅಷ್ಟೆ.

ಮೊದಲನೇದು ಆ ಹಾಡು. ಬ್ಯಾಟರಿ ಟರ್ಮಿನಲ್ ಲೂಸ್ ಆಗಿದ್ರೆ, ಅರ್ತಿಂಗ್ ಬಿಟ್ಟಿದ್ರೆ, ಮೇನ್ ಫ್ಯೂಸಲ್ಲಿ ತೊಂದರೆ ಇದ್ರೆ ಎಲ್ಲಾ ಒಟ್ಟಿಗೆ ಸಾಯ್ಬೇಕಿತ್ತು, ಹಾಡೂ ಸಾಯ್ತಿತ್ತು. ಸತ್ತಿದ್ದು ಮೀಟರು ಮತ್ತೆ ಎಂಜಿನ್, ಬದುಕಿದ್ದು ಸ್ಟೀರಿಯೋ. ನಿಮ್ಮ ಕೀ ಸ್ವಿಚ್ಚಲ್ಲಿ ಒಂದು ಕ್ಲಿಕ್ ತಿರುಗಿಸಿದ್ರೆ ಸ್ಟೀರಿಯೋಗೆ ಮಾತ್ರ ಕರೆಂಟು, ಇನ್ನೊಂದು ಕ್ಲಿಕ್ಕಿಗೆ ಮೀಟರು ಎಂಜಿನ್ನು ಎಲ್ಲಾ. ಅಂದ್ರೆ ಓಡ್ತಿರೋ ಗಾಡಿಲಿ ಆ ಎರಡನೇ ಕ್ಲಿಕ್ಕಿನ ಕಾಂಟ್ಯಾಕ್ಟು ಮಾತ್ರ ಬಿಡ್ತಾ ಇದೆ. ಸ್ಕ್ಯಾನರಲ್ಲಿ ಏನೂ ಬರ್ಲಿಲ್ಲ ಅಂದ್ರಲ್ಲ, ಬರೋದಾದ್ರೂ ಹೇಗೆ, ಇಸಿಎಂ ಪ್ರಕಾರ ನೀವೇ ಕೀ ಆಫ್ ಮಾಡಿದೀರ, ಅದು ಯಾರ ಮೇಲೆ ದೂರು ಬರ್ಕೋಬೇಕು.

ಎರಡನೇದು, ಗೊಂಚಲು. ನಮ್ಮ ಕಡೆ ತೋಟದವರ ಕೀ ಗೊಂಚಲು ನಾನು ನೋಡಿಲ್ವಾ! ಗೋಡೌನು, ಗೇಟು, ಪಂಪ್‌ಸೆಟ್ ಮನೆ, ಬೀರು, ಯಾವುದರದ್ದು ಅಂತ ಮರೆತೇ ಹೋಗಿರೋ ಇನ್ನೆರಡು, ಜೊತೆಗೆ ಒಂದು ಹಿತ್ತಾಳೆ ಗಣಪತಿ. ಅದು ಸ್ವಿಚ್ಚಿಗೆ ನೇತುಬಿದ್ದು 7 ವರ್ಷ ಗುಂಡಿ ಗುಂಡಿಗೂ ಜೋಲಿ ಹೊಡೆದ್ರೆ ಒಳಗಿನ ಬ್ಯಾರಲ್, ಅಂದ್ರೆ ಕೀ ತೂರೋ ಬೀಗದ ಭಾಗ, ಸವೆಯತ್ತೆ, ಹಿಂದಿನ ಕಾಂಟ್ಯಾಕ್ಟ್ ಸಡಿಲ ಆಗತ್ತೆ. ಗ್ಯಾರೇಜಿನವರಿಗೆ ನೀವು ಬರೀ ಕೀ ಕೊಟ್ರಿ, ಭಾರ ಹೋಯ್ತು, ಗಾಡಿ ಸಾಧು ಆಯ್ತು. ಅವ್ರು ಸುಳ್ಳು ಹೇಳಿಲ್ಲ, ಆದ್ರೆ ತೊಂದರೆ ಕಣ್ಣಿಗೆ ಬೀಳದೇನೇ ಸಾಮಾನು ಬದಲಾಯಿಸೋದು ತಪ್ಪು, ಅದನ್ನ ನಾನು ಒಪ್ಪಲ್ಲ. ಇದು ನನ್ನ ಕಲ್ಪನೆ ಅಂದ್ಕೋಬೇಡಿ, 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪ್ನಿ ಇದೇ ಥರ ಕೀ ಸ್ವಿಚ್ ಓಡೋವಾಗ ಜಾರಿ ಆಫ್ ಆಗತ್ತೆ ಅಂತ ಸುಮಾರು 26 ಲಕ್ಷ ಕಾರು ವಾಪಸ್ ಕರೆಸ್ತು, ರಿಪೇರಿ ಆಗೋ ತನಕ ಗಾಡಿ ಕೀ ಜೊತೆ ಬೇರೇನೂ ನೇತುಹಾಕ್ಬೇಡಿ ಅಂತ ಗ್ರಾಹಕರಿಗೆ ಹೇಳಿತ್ತು. ಅಂಥ ಗಾಡಿಗಳ ಅಪಘಾತದಲ್ಲಿ 124 ಜನ ಸತ್ತಿದ್ದಕ್ಕೆ ಪರಿಹಾರ ಕೊಡ್ಬೇಕಾಯ್ತು.

ಈಗ ಪರೀಕ್ಷೆ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಂಜಿನ್ ಓಡ್ತಿರ್ಲಿ. ಗೊಂಚಲು ಹಾಕೇ ಇರಿ, ಕೀ ಹಿಡ್ಕೊಂಡು ಮೇಲೆ ಕೆಳಗೆ, ಅಕ್ಕಪಕ್ಕ ಮೆಲ್ಲಗೆ ಅಲ್ಲಾಡಿಸಿ. ಮೀಟರ್ ಲೈಟು ಮಿಣುಕಿದ್ರೆ ಅರ್ಧ ಕೆಲಸ ಆಯ್ತು. ಮಿಣುಕ್ಲಿಲ್ಲ ಅಂದ್ರೆ ಮಲ್ಟಿಮೀಟರ್ (ವೋಲ್ಟ್ ಅಳೆಯೋ ಸಾಧನ) ಇಟ್ಕೊಂಡಿರೋ ಯಾರನ್ನಾದ್ರೂ ಕರ್ಕೊಳಿ. ಫ್ಯೂಸ್ ಬಾಕ್ಸಲ್ಲಿ ಇಗ್ನಿಷನ್ ಅಂತ ಇರೋ ಫ್ಯೂಸಿನ ತಲೆ ಮೇಲೆ ಸಾಸಿವೆ ಕಾಳಷ್ಟು ಎರಡು ಲೋಹದ ಚುಕ್ಕೆ ಕಾಣತ್ತೆ, ಫ್ಯೂಸ್ ಕೀಳೋದೇ ಬೇಡ, ಮಲ್ಟಿಮೀಟರಿನ ಒಂದು ಮುಳ್ಳು ಅಲ್ಲಿ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ. ಎಲ್ಲಾ ಸರಿ ಇದ್ರೆ 0.2, 0.3 ವೋಲ್ಟ್ ತೋರ್ಸತ್ತೆ. 0.5 ದಾಟಿದ್ರೆ ದಾರೀಲಿ ಎಲ್ಲೋ ಕರೆಂಟ್ ತಡೀತಾ ಇದೆ ಅಂತ, ಕೀ ಅಲ್ಲಾಡಿಸಿದಾಗ ಅಂಕಿ ಎಗರಿದ್ರೆ ಆ ಎಲ್ಲೋ ಅನ್ನೋದು ಸ್ವಿಚ್ಚೇ. ಬರೀ ಬ್ಯಾಟರಿ ವೋಲ್ಟೇಜ್ ನೋಡಿ 12.6 ಇದೆ ಸರಿ ಇದೆ ಅನ್ನೋದು ಈ ಥರ ಕೇಸಲ್ಲಿ ಏನಕ್ಕೂ ಬರಲ್ಲ, ಕರೆಂಟ್ ಹರೀತಿರೋವಾಗಲೇ ನೋಡ್ಬೇಕು.

ಮೂರನೇದು ನೀವು ಕೊನೇಲಿ ಹಂಗೇ ಸೇರ್ಸಿರೋ ಫಾಗ್ ಲೈಟು. ಒಂದೊಂದು 55 ವ್ಯಾಟ್ ಅಂತ ಇಟ್ಕೊಂಡ್ರೂ ಎರಡಕ್ಕೆ 110, ಅಂದ್ರೆ 9 ಆಂಪಿಯರ್ ಹತ್ರ. ಹಾಕಿದವ್ರು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು) ಇಡದೆ ಕೀ ಸ್ವಿಚ್ಚಿನ ವೈರಿಗೇ ಸುತ್ತಿ ಟೇಪ್ ಹೊಡೆದಿದ್ರೆ ಅಷ್ಟೂ ಕರೆಂಟು ಆ ಸಣ್ಣ ಕಾಂಟ್ಯಾಕ್ಟ್ ಮೇಲೆ ಹೋಗಿ ಅದು ಕರಕಲಾಗತ್ತೆ. ಮಳೆಗಾಲದಿಂದ ಶುರು ಅಂದ್ರಲ್ಲ, ನಂಗೆ ನೀರಿಗಿಂತ ಇದರ ಮೇಲೇ ಅನುಮಾನ, ಮಳೆ ಮಂಜಲ್ಲಿ ತಾನೆ ಆ ಲೈಟು ಹಗಲೂ ರಾತ್ರಿ ಉರಿಯೋದು. ನಾನು ಹಾಸನದಲ್ಲಿ ಕೆಲಸ ಮಾಡ್ತಿದ್ದಾಗ ಇಂಥದ್ದೇ ಒಂದು ಸ್ವಿಚ್ ಬಿಚ್ಚಿದ್ದೆ, ಹೊರಗಿಂದ ಹೊಸದರ ಹಾಗೆ ಇತ್ತು, ಒಳಗೆ ತಾಮ್ರದ ಪಟ್ಟಿ ಬೀಡಿ ತುದಿ ಥರ ಕಪ್ಪಾಗಿ, ಪಕ್ಕದ ಪ್ಲಾಸ್ಟಿಕ್ ಕರಗಿ ಅದರ ಮೇಲೆ ಹರಿದು ಕೂತಿತ್ತು. ಗಾಡಿ ಯಜಮಾನರು ಅದನ್ನ ಮನೇಲಿ ತೋರಿಸ್ತೀನಿ ಅಂತ ಕರ್ಚೀಫಲ್ಲಿ ಕಟ್ಕೊಂಡು ಹೋದ್ರು.

ತುಂಬಾ ಗಾಡಿಲಿ ಬೀಗದ ಹಿಂದಿನ ಕರೆಂಟ್ ಸ್ವಿಚ್ಚು ಬೇರೆಯಾಗೇ ಸಿಗತ್ತೆ, ಪೂರ್ತಿ ಸೆಟ್ ಕೊಳ್ಳೋ ಮುಂಚೆ ಕೇಳಿ. ಎಂಜಿನ್ ಓಡ್ತಿದ್ದಾಗಲೇ ಕೀ ಎಳೆದ್ರೆ ಹೊರಗೆ ಬರತ್ತೆ ಅನ್ನೋಷ್ಟು ಬ್ಯಾರಲ್ ಸವೆದಿದ್ರೆ ಮಾತ್ರ ಸೆಟ್ಟು. ಫಾಗ್ ಲೈಟಿಗೆ ಒಂದು ರಿಲೇ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ಬೇರೆ ವೈರು. ಸ್ವಿಚ್ ಸರಿ ಇದೆ ಅಂತ ಮಲ್ಟಿಮೀಟರ್ ಹೇಳಿದ್ರೆ ಆಮೇಲೆ ಇಗ್ನಿಷನ್ ರಿಲೇ, ಸ್ಟೇರಿಂಗ್ ಕೆಳಗೆ ವೈರ್ ಜೋಡಿಸೋ ಕಪ್ಲರ್, ಅದೂ ಆಗಿ ಕೊನೇಲಿ ಇಸಿಎಂ ಮಾತು.

ಅಲ್ಲೀ ತನಕ ದಯವಿಟ್ಟು ಚಾರ್ಮಾಡಿ ಇಳೀಬೇಡಿ. ಇಳಿಜಾರಲ್ಲಿ ಎಂಜಿನ್ ನಿಂತ್ರೆ ಬ್ರೇಕ್ ಹಗುರ ಮಾಡೋ ಬೂಸ್ಟರಲ್ಲಿ ಒಂದೆರಡು ಸಲಕ್ಕೆ ಆಗೋಷ್ಟೇ ವ್ಯಾಕ್ಯೂಮ್ ಉಳಿದಿರತ್ತೆ, ಪಂಪ್ ಮಾಡಿದ್ರೆ ಅದೂ ಖಾಲಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡೀರಿ. ಗಾಬರೀಲಿ ಕೀನ ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೀಬೇಡಿ, ಸ್ಟೇರಿಂಗ್ ಲಾಕ್ ಆಗತ್ತೆ. ಗೊಂಚಲು ಇವತ್ತೇ ಬಿಚ್ಚಿ.

ಪ್ರಶ್ನೆ: ನನ್ನ ಪಿಕಪ್ಪಲ್ಲಿ ಲೋಡ್ ಹಾಕಿದ ದಿನ ಮಾತ್ರ ಹಿಂದಿನ ಲೈಟಿನ 10 ಆಂಪಿಯರ್ ಫ್ಯೂಸ್ ಹೋಗತ್ತೆ, ಖಾಲಿ ಇದ್ರೆ ಏನೂ ಇಲ್ಲ. 20 ಹಾಕ್ಬಹುದಾ?
- ಸಕಲೇಶಪುರದ ಓದುಗ

ಉತ್ತರ: ಬೇಡ. ಫ್ಯೂಸ್ ಇರೋದು ವೈರ್ ಸುಡದ ಹಾಗೆ ಕಾಯೋಕೆ, 10ರ ಕೆಂಪು ತೆಗೆದು 20ರ ಹಳದಿ ಹಾಕಿದ್ರೆ ಫ್ಯೂಸ್ ಬದಲು ವೈರೇ ಸುಡತ್ತೆ. ಲೋಡ್ ಬಿದ್ದಾಗ ಬಾಡಿ ಕೆಳಗಿಳಿದು ಎಲ್ಲೋ ವೈರ್ ಉಜ್ತಾ ಇದೆ. ಲೋಡ್ ಇರೋವಾಗಲೇ ಹಿಂದಿನ ಬಲ್ಬೆಲ್ಲ ಕಿತ್ತು, ಫ್ಯೂಸ್ ಜಾಗಕ್ಕೆ ಎರಡು ತುಂಡು ವೈರಲ್ಲಿ ಒಂದು 21 ವ್ಯಾಟ್ ಬಲ್ಬ್ ಕೊಟ್ಟು ಪಾರ್ಕ್ ಲೈಟ್ ಆನ್ ಮಾಡಿ. ಬಲ್ಬ್ ಜಗ್ಗನೆ ಉರಿದ್ರೆ ಶಾರ್ಟ್ ಈಗಲೂ ಇದೆ ಅಂತ, ಚಾಸಿ ಉದ್ದಕ್ಕೂ ವೈರ್ ಒಂದೊಂದು ಗೇಣು ಅಲ್ಲಾಡಿಸ್ತಾ ಹೋಗಿ, ಬಲ್ಬ್ ಆರಿದ ಜಾಗದಲ್ಲಿ ನಿಂತ್ಕೊಳಿ, ಶಾರ್ಟ್ ಅಲ್ಲೇ. ನಾನಾಗಿದ್ರೆ ಹಿಂದಿನ ಆಕ್ಸಲ್ ಮೇಲಿಂದ ಹಾದು ಹೋಗೋ ಕಡೆಯಿಂದ ಶುರು ಮಾಡ್ತಿದ್ದೆ.