ದಂಡ ಕಟ್ಟಿ ಕೇಸ್ ಮುಗಿಸಲು ಅವಸರ ಮಾಡಬೇಡಿ

ಗಣಪತಿ ಮುಳುಗಿಸುವ ದಿನದ ಹೊಡೆದಾಟದಲ್ಲಿ ನಿಮ್ಮ ತಮ್ಮನ ಮೇಲೆ ಕೇಸ್ ಬಿದ್ದಿದೆ, ಈಗ ಅವನಿಗೆ 19, "ತಪ್ಪೊಪ್ಪಿ ದಂಡ ಕಟ್ಟಿದರೆ ಮುಗೀತು" ಅಂತ ಎಲ್ಲರೂ ಹೇಳುತ್ತಿದ್ದಾರೆ, ಮುಂದೆ ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಕಡೆ ಕೆಲಸಕ್ಕೆ ಇದು ಅಡ್ಡ ಬರುತ್ತದೆಯೇ ಎಂದು ಕೇಳಿದ್ದೀರಿ. ಬರಬಹುದು. ಆ ಮಾತು ಕೇಳಿಯೇ ನಾನು ಕೆಟ್ಟೆ.

ನಾನು ಅಂಕೋಲಾ ಕಡೆಯವನು. ವಾಲಿಬಾಲ್ ಪಂದ್ಯದ ಜಗಳದಲ್ಲಿ ನಾವು ಐದು ಮಂದಿಯ ಮೇಲೆ ಕೇಸಾಯಿತು, ಎಲ್ಲರಿಗೂ ಅವೇ ಸೆಕ್ಷನ್‌ಗಳು. ಐವರಲ್ಲಿ ಒಬ್ಬ ಗುತ್ತಿಗೆದಾರರ ಮಗ. ಅವನ ಅಪ್ಪ ಪೆಟ್ಟು ತಿಂದವರ ಜೊತೆ ರಾಜಿ ಮಾಡಿಕೊಂಡು, ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ಮಗನ ಮಟ್ಟಿಗೆ ಕೇಸ್ ರದ್ದು ಮಾಡಿಸಿದರು. ನಾನು ಬೋಟಿಗೆ ಹೋಗುತ್ತಿದ್ದವನು. ತಾರೀಖಿಗೆಂದು ಬೋಟ್ ತಪ್ಪಿಸಿದರೆ ಆ ದಿನದ ಪಾಲೂ ಇಲ್ಲ. ಎಂಟು ತಾರೀಖಿಗೆ ಸಾಕಾಗಿ ಒಪ್ಪಿಕೊಂಡೆ. ದಂಡದ ರಸೀದಿಯನ್ನು ಅವ್ವ ರೇಷನ್ ಕಾರ್ಡಿನ ಡಬ್ಬಿಯಲ್ಲಿಟ್ಟಳು, ಸಾಲ ತೀರಿದ ಚೀಟಿ ಇಟ್ಟ ಹಾಗೆ.

ಮೂರು ವರ್ಷದ ಮೇಲೆ ಒಂದು ಕಡೆ ಗೇಟ್ ಪಾಸಿನ ಅರ್ಜಿ ತುಂಬುತ್ತಿದ್ದೆ. "ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ?" ಪಕ್ಕದಲ್ಲಿದ್ದವರನ್ನು ಕೇಳಿದೆ, ದಂಡವೂ ಶಿಕ್ಷೆಯೇ ಅಂದರು. ಪೆನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತೆ. 'ಹೌದು' ಅಂತ ಬರೆದೆ. ಪಾಸ್ ಬರಲಿಲ್ಲ. ಗುತ್ತಿಗೆದಾರರ ಮಗ ಅದೇ ವರ್ಷ ದುಬೈಗೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಆ ದಿನ ನಾವಿಬ್ಬರೂ ಹೊಡೆದದ್ದು ಒಂದೇ ಸಮ.

ಮೊದಲು ಜಗಳದ ದಿನ ತಮ್ಮನಿಗೆ 18 ತುಂಬಿತ್ತೇ ಅಂತ ಶಾಲೆಯ ದಾಖಲೆ ನೋಡಿ. ತುಂಬಿರದಿದ್ದರೆ 2015ರ ಬಾಲ ನ್ಯಾಯ ಕಾಯ್ದೆ ಅವನನ್ನು ಕಾಯುತ್ತದೆ, ಇಂಥ ಕೇಸಿನಿಂದ ಅನರ್ಹತೆ ಬರುವುದಿಲ್ಲ. ತುಂಬಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲೂಕಿನಲ್ಲೂ ಅವರ ಸಮಿತಿ ಇರುತ್ತದೆ. ಆದಾಯ ಕಡಿಮೆಯಿದ್ದವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಇದು ನನಗೆ ಆಗ ಯಾರೂ ಹೇಳಲಿಲ್ಲ. ಸಾದಾ ಪೆಟ್ಟಿನ ಕೇಸ್ ರಾಜಿಗೆ ಬರುತ್ತದೆ. ತಪ್ಪು ಒಪ್ಪಲೇಬೇಕಾಗಿ ಬಂದರೆ 1958ರ ಪ್ರೊಬೇಷನ್ ಕಾಯ್ದೆಯಲ್ಲಿ, ಅಂದರೆ ಶಿಕ್ಷೆಯ ಬದಲು ಎಚ್ಚರಿಕೆ ಕೊಟ್ಟೋ ಒಳ್ಳೆಯ ನಡತೆಯ ಮೇಲೋ, ಬಿಡುಗಡೆ ಕೇಳಲಿ. ಅದರ 12ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ.

ಅರ್ಜಿಯಲ್ಲಿ ಮಾತ್ರ ಮುಚ್ಚಿಡಬೇಡಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಸಿನ ಮಾಹಿತಿ ನಿಜವೇ ಇರಬೇಕು ಎಂದಿದೆ. ಎಳೆಯ ವಯಸ್ಸಿನ ಸಣ್ಣ ಕೇಸನ್ನು ಕೆಲಸ ಕೊಡುವವರು ಬದಿಗಿಡಬಹುದು ಎಂದೂ ಹೇಳಿದೆ.

ಮುಂದಿನ ತಾರೀಖು ಯಾವಾಗ? ಅದಕ್ಕೆ ಮುಂಚೆಯೇ ತಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ.