ಏಳು ಬಾಕ್ಸ್ ಹೊತ್ಕೊಂಡು ತಿರುಗೋ ಬದ್ಲು ಒಂದೇ ಬೇಸ್ ಪ್ರೀಆಂಪ್ ಸಾಕಾ?

ಪ್ರಶ್ನೆ: ಸರ್ ನಮಸ್ಕಾರ. ದಾವಣಗೆರೆ ಕಡೆ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ, ಮದುವೆ ರಿಸೆಪ್ಷನ್ನು, ಗಣಪತಿ ಪೆಂಡಾಲು, ನವೆಂಬರ್ ಬಂತಂದ್ರೆ ರಾಜ್ಯೋತ್ಸವ, ಹಿಂಗೆ ನಡೀತಿರುತ್ತೆ. ಪೆಡಲ್‌ಬೋರ್ಡಲ್ಲಿ (ಕಾಲಲ್ಲಿ ಒತ್ತೋ ಸೌಂಡ್ ಬಾಕ್ಸುಗಳ ಹಲಗೆ) ಟ್ಯೂನರ್, ಕಂಪ್ರೆಸರ್ (ಜೋರು ಮೆಲ್ಲ ಸಮ ಮಾಡೋದು), ಓವರ್‌ಡ್ರೈವ್ (ಸೌಂಡ್ ಒರಟು ಮಾಡೋದು), ಈಕ್ಯೂ (ತಗ್ಗು, ಮಧ್ಯ, ಎತ್ತರದ ಸೌಂಡ್ ಹೆಚ್ಚು ಕಮ್ಮಿ ಮಾಡೋದು), ಕೋರಸ್, ಆಕ್ಟೇವ್, ಕೊನೇಲಿ ಮಿಕ್ಸರ್‌ಗೆ ಸಿಗ್ನಲ್ ಕಳ್ಸೋ ಒಂದು ಡಿಐ ಬಾಕ್ಸು. ಬಸ್ಸಲ್ಲಿ ಅದನ್ನ ಹೊತ್ಕೊಂಡು ಹೋಗಿ ಹೋಗಿ ಸಾಕಾಗಿದೆ, ಅದರ ಮೇಲೆ ಸರಿಯಾಗಿ ಪ್ರೋಗ್ರಾಂ ಶುರು ಆಗೋ ಹೊತ್ತಿಗೆ ಪೆಡಲ್‌ಗಳ ನಡುವಿನ ಯಾವುದೋ ಒಂದು ಪ್ಯಾಚ್ ಕೇಬಲ್ ಕೈ ಕೊಡುತ್ತೆ. ಎಲ್ಲಾ ಮಾರಿ ಒಂದೇ ಪ್ರೀಆಂಪ್ ಪೆಡಲ್ ತಗೊಳ್ಳೋಣ ಅಂತಿದೀನಿ. ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್, ಡಾರ್ಕ್‌ಗ್ಲಾಸ್ ಬಿ7ಕೆ, ಅಗಿಲಾರ್ ಟೋನ್ ಹ್ಯಾಮರ್, ಎಂಎಕ್ಸ್‌ಆರ್ ಎಂ80, ಈ ನಾಲ್ಕು ನೋಡಿ ನೋಡಿ ತಲೆ ಕೆಟ್ಟೋಗಿದೆ. ನಂದು ನಾಲ್ಕು ತಂತಿ ಪ್ಯಾಸಿವ್ ಬೇಸು (ಒಳಗೆ ಬ್ಯಾಟರಿ, ಪ್ರೀಆಂಪ್ ಇಲ್ಲದ್ದು). ಯಾವ್ದು ತಗೊಳ್ಳಲಿ?
(ಹೆಸರು ಹಾಕ್ಬೇಡಿ ಅಂದಿದ್ದಾರೆ, ದಾವಣಗೆರೆ)

ಉತ್ತರ: ಮಾರೋದು ಆಮೇಲೆ ನೋಡೋಣ. ಮೊದ್ಲು ಮುಂದಿನ ನಾಲ್ಕೈದು ಪ್ರೋಗ್ರಾಂನಲ್ಲಿ ನಿಮ್ಮ ಕಾಲು ಯಾವ ಪೆಡಲ್ ಮೇಲೆ ಹೋಗುತ್ತೆ ಅಂತ ಸ್ವಲ್ಪ ಗಮನ ಇಡಿ. ನಾನು ನೋಡಿರೋ ಆರ್ಕೆಸ್ಟ್ರಾ ಬೇಸ್‌ನವರಲ್ಲಿ ಮುಕ್ಕಾಲು ಜನ ಕಂಪ್ರೆಸರ್ ಆನ್ ಮಾಡಿದ್ರೆ ರಾತ್ರಿ ಮುಗಿಯೋವರೆಗೂ ಆಫ್ ಮಾಡಲ್ಲ, ಈಕ್ಯೂ ಮುಟ್ಟೋದೇ ಇಲ್ಲ, ಓವರ್‌ಡ್ರೈವ್ ಒಂದೋ ಎರಡೋ ಹಾಡಿಗೆ, ಕೋರಸ್ ಯಾವ್ದೋ ಎಂಬತ್ತರ ದಶಕದ ಹಾಡು ಬಂದಾಗ, ಆಕ್ಟೇವ್ ಮಾತ್ರ ಸೌಂಡ್ ಚೆಕ್ ಟೈಮಲ್ಲಿ ಪಕ್ಕದ ಕೀಬೋರ್ಡ್‌ನವರಿಗೆ ತೋರಿಸೋಕೆ.

ಈಗ ಪ್ರೀಆಂಪ್ ಪೆಡಲ್ ಒಳಗೆ ಏನಿರುತ್ತೆ ಅಂದ್ರೆ ಒಂದು ಈಕ್ಯೂ, ಸ್ವಲ್ಪ ಡ್ರೈವ್, ಒಂದು ಡಿಐ, ಅಷ್ಟೇ. ಹಂಗಾಗಿ ನಿಮ್ಮ ಏಳರಲ್ಲಿ ಮೂರರ ಕೆಲಸ ಅದು ಮಾಡುತ್ತೆ. ಟ್ಯೂನರ್ ಮಾಡಲ್ಲ, ಕಂಪ್ರೆಷನ್ ಮಾಡಲ್ಲ, ಕೋರಸ್ಸು ಆಕ್ಟೇವು ಅಂತೂ ಇಲ್ಲವೇ ಇಲ್ಲ. "ಒಂದೇ ಬಾಕ್ಸಲ್ಲಿ ಎಲ್ಲಾ" ಅಂತ ಅಂಗಡಿಯವರು ಹೇಳಿದ್ರೆ ನಕ್ಕು ಸುಮ್ನಾಗಿ.

ಆ ಮೂರರಲ್ಲಿ ನಿಮ್ಮಂಥ ಕೆಲಸಕ್ಕೆ ನಿಜವಾಗ್ಲೂ ಮುಖ್ಯ ಆಗಿರೋದು ಡಿಐ, ಆದ್ರೆ ಎಲ್ರೂ ತಲೆ ಕೆಡಿಸ್ಕೊಳ್ಳೋದು ಡ್ರೈವ್ ಬಗ್ಗೆ. ಕಲ್ಯಾಣ ಮಂಟಪದಲ್ಲಿ ಸ್ಟೇಜ್ ಈ ಕಡೆ, ಮಿಕ್ಸರ್ ಆ ಕಡೆ ಊಟದ ಹಾಲ್ ಬಾಗಿಲ ಹತ್ರ, ಮಧ್ಯೆ ಅಷ್ಟುದ್ದ ಕೇಬಲ್ಲು, ಅದೇ ಲೈನಲ್ಲಿ ಸೀರಿಯಲ್ ಸೆಟ್ಟು, ಕರೆಂಟ್ ಹೋದ್ರೆ ಜನರೇಟರ್ರು. ಪ್ಯಾಸಿವ್ ಬೇಸಿನ ಸಿಗ್ನಲ್ ಹೈ ಇಂಪೀಡೆನ್ಸ್, ಅಂದ್ರೆ ದೂರ ಹೋಗೋಷ್ಟು ಬಲ ಇಲ್ಲದ್ದು, ಅದನ್ನ ಸಾದಾ ಕೇಬಲ್ಲಲ್ಲಿ ಅಷ್ಟು ದೂರ ಕಳ್ಸಿದ್ರೆ ದಾರೀಲಿ ಇರೋ ಹಮ್ (ಕರೆಂಟಿನ ಗುಂಯ್ ಸದ್ದು) ಎಲ್ಲಾ ಹೀರ್ಕೊಂಡು ಹೋಗುತ್ತೆ, ಹೈ (ಎತ್ತರದ ಚುರುಕು ಸೌಂಡು) ಎಲ್ಲಾ ಸತ್ತು ಮಂಕಾಗುತ್ತೆ. ಡಿಐ ಅದನ್ನ ಲೋ ಇಂಪೀಡೆನ್ಸ್ ಬ್ಯಾಲೆನ್ಸ್ಡ್ ಸಿಗ್ನಲ್ ಮಾಡುತ್ತೆ, ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್ಲಿನ ಎರಡು ವೈರಲ್ಲಿ ಒಂದಕ್ಕೊಂದು ಉಲ್ಟಾ ಹೋಗುತ್ತೆ, ದಾರೀಲಿ ಸೇರೋ ಹಮ್ ಎರಡ್ರಲ್ಲೂ ಒಂದೇ ಥರ ಇರೋದ್ರಿಂದ ಮಿಕ್ಸರ್‌ನಲ್ಲಿ ಕಟ್ ಆಗುತ್ತೆ. ಇನ್ನೂ ಹಮ್ ಉಳೀತಾ, ಬಾಕ್ಸ್ ಮೇಲೆ ಗ್ರೌಂಡ್ ಲಿಫ್ಟ್ ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ, ಒತ್ತಿ ನೋಡಿ. ಪ್ಲಗ್‌ನ ಅರ್ಥ್ ಪಿನ್ನೇ ಕಿತ್ತು ಹಮ್ ನಿಲ್ಸೋ ಮಹಾನುಭಾವರು ಇದಾರೆ, ಆ ಕೆಲಸ ಮಾತ್ರ ಬೇಡ, ಪ್ರಾಣಕ್ಕೆ ಕುತ್ತು.

ಇನ್ನೊಂದು, ನಿಮ್ಮ ಕಡೆ ಸ್ಟೇಜ್ ಮೇಲೆ ಬೇಸ್ ಆಂಪ್ ಇರೋದು ಅಪರೂಪ, ನೇರ ಮಿಕ್ಸರ್‌ಗೇ ಹೋಗ್ತೀರ ಅನ್ಕೊಂಡಿದೀನಿ. ಹಂಗಿದ್ರೆ ಡ್ರೈವ್ ಹಾಕ್ದಾಗ ಸ್ಪೀಕರ್ ಸಿಮ್ಯುಲೇಶನ್, ಅಂದ್ರೆ ಬೇಸ್ ಆಂಪಿನ ಸ್ಪೀಕರಿಂದ ಬಂದಂಗೆ ಸೌಂಡ್ ತಿದ್ದೋ ಸರ್ಕ್ಯೂಟ್, ಬೇಕೇ ಬೇಕು. ಬೇಸ್ ಕ್ಯಾಬಿನೆಟ್ಟು ಮೇಲಿನ ಹೈ ಎಲ್ಲಾ ತಾನೇ ಕತ್ತರಿಸಿ ಬಿಸಾಕುತ್ತೆ, ಅದಿಲ್ದೆ ಓವರ್‌ಡ್ರೈವ್‌ನ ನೇರ ಪಿಎಗೆ (ಹಾಲಿನ ದೊಡ್ಡ ಸ್ಪೀಕರ್‌ಗೆ) ಬಿಟ್ರೆ ಡಬ್ಬದಲ್ಲಿ ಜೇನುಹುಳ ಹಾಕಿ ಅಲ್ಲಾಡಿಸ್ದಂಗೆ ಕೇಳುತ್ತೆ. ನಿಮ್ಮ ಈಗಿನ ಓವರ್‌ಡ್ರೈವ್ ಮನೇಲಿ ಆಂಪಲ್ಲಿ ಚೆನ್ನಾಗಿದ್ದು ಹಾಲಲ್ಲಿ ಕೆಟ್ಟದಾಗಿ ಕೇಳ್ತಿದ್ರೆ ಕಾರಣ ಇದೇ.

ಈಗ ನಾಲ್ಕರ ವಿಷ್ಯಕ್ಕೆ ಬರ್ತೀನಿ. ನ್ಯೂಯಾರ್ಕಿನ ಟೆಕ್ 21 ಕಂಪನಿಯ ಆಂಡ್ರ್ಯೂ ಬಾರ್ಟಾ 1989ರಲ್ಲಿ ಮೊದಲ ಸ್ಯಾನ್ಸ್‌ಆಂಪ್ ತಂದ್ರು, ಬೇಸಿಗೆ ಅಂತಲೇ ಮಾಡಿದ ಬೇಸ್ ಡ್ರೈವರ್ ಡಿಐ ಬಂದಿದ್ದು 1992ರಲ್ಲಿ. ಆಂಪ್ ಇಲ್ದೆ ನೇರ ಮಿಕ್ಸರ್‌ಗೆ ಹೋಗೋರಿಗೆ ಅಂತಲೇ ಹುಟ್ಟಿದ ಬಾಕ್ಸು ಅದು, ಅಂದ್ರೆ ನಿಮ್ಮಂಥವರಿಗೆ. ಆದ್ರೆ ಹಳೇದ್ರಲ್ಲಿ ಒಂದು ತೊಂದ್ರೆ ಇತ್ತು, ಬೇಸು ಟ್ರೆಬಲ್ಲು ಬಿಟ್ರೆ ಮಿಡ್ (ನಡುವಿನ ಸೌಂಡು) ನಾಬೇ ಇರ್ಲಿಲ್ಲ, ಸ್ವಭಾವತಃ ಮಿಡ್ ಸ್ವಲ್ಪ ತಗ್ಗಿರುತ್ತೆ, ಒಬ್ರೇ ನುಡಿಸ್ದಾಗ ದೊಡ್ಡದಾಗಿ ಸೊಗಸಾಗಿ ಕೇಳುತ್ತೆ, ಢೋಲಕ್ಕು, ರಿದಂ ಪ್ಯಾಡು, ಕೀಬೋರ್ಡ್‌ನವರ ಎಡಗೈ ಎಲ್ಲಾ ಸೇರಿದ ತಕ್ಷಣ ಬೇಸ್ ಎಲ್ಲಿ ಹೋಯ್ತು ಅಂತ ಹುಡುಕಬೇಕು. 2016ರಲ್ಲಿ ಬಂದ ಎರಡನೇ ವರ್ಷನ್ನಲ್ಲಿ ಮಿಡ್ ನಾಬ್ ಕೊಟ್ರು, ಅದಕ್ಕೆ 500 ಅಥವಾ 1000 ಹರ್ಟ್ಸ್ ಸ್ವಿಚ್ಚು, ಬೇಸಿಗೆ 40 ಅಥವಾ 80 ಹರ್ಟ್ಸ್ ಸ್ವಿಚ್ಚು. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ನಾಬ್ ಎಣಿಸಿ, ಆರಿದ್ರೆ ಹಳೇದು, ಏಳಿದ್ರೆ ಹೊಸದು, ಮಾರೋರ ಮಾತು ಕೇಳೋ ಅಗತ್ಯನೇ ಇಲ್ಲ.

ಟೋನ್ ಹ್ಯಾಮರ್ ಕ್ಲೀನ್ ಸೌಂಡಿಗೆ ನನಗೆ ಈ ನಾಲ್ಕರಲ್ಲೂ ಇಷ್ಟ. ಮಿಡ್ ಫ್ರೀಕ್ವೆನ್ಸಿನ 180ರಿಂದ 1000 ಹರ್ಟ್ಸ್‌ವರೆಗೆ ನೀವೇ ಸರಿಸ್ಕೋಬಹುದು, ಡಿಐಯಿಂದ ಹೋಗೋ ಸಿಗ್ನಲ್ ಈಕ್ಯೂಗೆ ಮುಂಚಿನದು ಬೇಕೋ ಆಮೇಲಿನದು ಬೇಕೋ ಅಂತ ಸ್ವಿಚ್ಚೂ ಇದೆ. ಇಳಯರಾಜ ಹಾಡುಗಳ ಓಡಾಡೋ ಬೇಸ್ ಲೈನ್ ನುಡಿಸೋಕೆ ಒಂದೊಂದು ಸ್ವರನೂ ಬಿಡಿಬಿಡಿಯಾಗಿ ಕೇಳುತ್ತೆ. ಆದ್ರೆ ಮೊದಲಿನ ಮಾಡೆಲ್ಲಿಗೆ ಎರಡು 9 ವೋಲ್ಟ್ ಬ್ಯಾಟರಿ ಬೇಕು. ಎಂ80 ಕೆಟ್ಟದ್ದಲ್ಲ, ಕ್ಲೀನು ಡಿಸ್ಟಾರ್ಷನ್ನು ಬೇರೆ ಬೇರೆ, ಕಾಲಲ್ಲೇ ಬದಲಾಯಿಸ್ಬಹುದು, ನಾಯ್ಸ್ ಗೇಟೂ ಇದೆ, ಡಿಸ್ಟಾರ್ಷನ್ ಮಾತ್ರ ಸ್ವಲ್ಪ ಒರಟು. ಬಿ7ಕೆ ಫಿನ್ಲೆಂಡಿನ ಹೆಲ್ಸಿಂಕಿಯ ಕಂಪನಿದು, ಮೆಟಲ್ ಬ್ಯಾಂಡಿನವರ ಕಣ್ಮಣಿ, ಅದ್ರ ಡ್ರೈವಿಗೋಸ್ಕರನೇ ಜನ ತಗೊಳ್ಳೋದು, ರಿಸೆಪ್ಷನ್ನಲ್ಲಿ ಹುಡುಗಿ ಅಪ್ಪ ಬಂದು ಸೌಂಡ್ ಕಮ್ಮಿ ಮಾಡಿ ಅನ್ನೋ ಜಾಗದಲ್ಲಿ ಅದಕ್ಕೆ ಏನು ಕೆಲಸ? ಅದ್ರಲ್ಲಿ ಬ್ಯಾಟರಿನೂ ಹಾಕಕ್ಕಾಗಲ್ಲ, ಅಡಾಪ್ಟರ್ ಮರೆತ್ರೆ ಕತೆ ಮುಗೀತು.

ಹಂಗಾಗಿ ನನ್ನ ಮಾತು ಕೇಳೋದಾದ್ರೆ ಬೇಸ್ ಡ್ರೈವರ್ ಎರಡನೇ ವರ್ಷನ್ನು. ಡ್ರೈವೇ ಬೇಡ ಅನ್ನಿಸಿದ್ರೆ ಟೋನ್ ಹ್ಯಾಮರ್. ಈ ಥರ ಬಾಕ್ಸ್ ನಿಮಗೆ ಒಗ್ಗುತ್ತಾ ಇಲ್ವಾ ಅಂತ ಅನುಮಾನ ಇದ್ರೆ ಬೆಹ್ರಿಂಗರ್ ಬಿಡಿಐ21 ಅಗ್ಗಕ್ಕೆ ಸಿಗುತ್ತೆ, ಹಳೇ ಸ್ಯಾನ್ಸ್‌ಆಂಪಿನ ದಾರಿದೇ, ಪ್ಲಾಸ್ಟಿಕ್ ಮೈ, ಮಿಡ್ ಇಲ್ಲ, ಒಂದು ಸೀಸನ್ ಓಡಿಸಿ ನೋಡೋಕೆ ಅಡ್ಡಿಯಿಲ್ಲ.

ಬೇಸ್ ಡ್ರೈವರ್ ತಂದ ಮೇಲೆ ಎಲ್ರೂ ಮಾಡೋ ತಪ್ಪು ಅಂದ್ರೆ ಬೇಸ್ ನಾಬನ್ನ ಬಲಕ್ಕೆ ತಿರುಗಿಸಿಬಿಡೋದು. ನಿಮ್ಮ ದಪ್ಪ ಇ ತಂತಿ ಬಿಟ್ಟು ಹೊಡೆದ್ರೆ 41 ಹರ್ಟ್ಸ್, ಪೆಂಡಾಲಲ್ಲಿ ಕಟ್ಟೋ ಎಷ್ಟೋ ಸ್ಪೀಕರಲ್ಲಿ ಅದು ಸರಿಯಾಗಿ ಬರೋದೇ ಇಲ್ಲ, ನಮ್ಮ ಕಿವಿ ಆ ಸ್ವರನ ಹಿಡಿಯೋದು ಅದರ ಮೇಲಿನ ಹಾರ್ಮೋನಿಕ್ಸ್‌ನಿಂದ (ಅದರ ಜೊತೆಗೇ ಹುಟ್ಟೋ ಎತ್ತರದ ಸ್ವರಗಳಿಂದ). ಅದಕ್ಕೇ ಬೇಸ್ ಸ್ವಿಚ್ಚು 80ಕ್ಕೆ, ಮಿಡ್ ಸ್ವಿಚ್ಚು 500ಕ್ಕೆ ಇಡಿ. ಡ್ರೈವ್, ಪ್ರೆಸೆನ್ಸ್ ಎರಡೂ ಗಡಿಯಾರದ ಹತ್ತು ಗಂಟೆ ಹತ್ರ, ಬೇಸು ಟ್ರೆಬಲ್ಲು ಹನ್ನೆರಡಕ್ಕೆ, ಮಿಡ್ ಒಂದು ಗಂಟೆ. ಬ್ಲೆಂಡ್ (ಬೇಸಿನ ನೇರ ಸೌಂಡಿಗೆ ಆಂಪ್ ಸೌಂಡ್ ಎಷ್ಟು ಬೆರೆಸ್ಬೇಕು ಅನ್ನೋ ನಾಬ್) ಮೊದ್ಲು ಪೂರ್ತಿ ಕೆಳಗಿಟ್ಟು ನುಡಿಸಿ, ಆಗ ಆಂಪ್ ಸೌಂಡ್ ಇರಲ್ಲ ಆದ್ರೆ ಈಕ್ಯೂ ಕೆಲಸ ಮಾಡ್ತಿರುತ್ತೆ, ಆಮೇಲೆ ಮೆಲ್ಲಗೆ ಏರಿಸ್ತಾ ಬನ್ನಿ, ಅರ್ಧದ ಆಸುಪಾಸಲ್ಲಿ ಎಲ್ಲೋ ಒಂದ್ಕಡೆ ಸ್ವರಕ್ಕೆ ಮೈ ಬರುತ್ತೆ, ಅಲ್ಲೇ ನಿಲ್ಲಿಸಿ. ಪರ್ಮನೆಂಟ್ ಮಾರ್ಕರಲ್ಲಿ ಗುರುತು ಹಾಕ್ಬಿಡಿ, ಬ್ಯಾಗಲ್ಲಿ ನಾಬ್ ತಿರುಗಿ ಹೋಗಿರುತ್ತೆ. ಒಂದು ನೆನಪಿರ್ಲಿ, ಇದ್ರ ಎಕ್ಸ್‌ಎಲ್‌ಆರ್ ಯಾವಾಗ್ಲೂ ಈಕ್ಯೂ ಆದ್ಮೇಲಿನದು, ನೀವು ಸ್ಟೇಜಲ್ಲಿ ನಾಬ್ ತಿರುಗಿಸಿದ್ರೆ ಹಾಲಲ್ಲೂ ಬದಲಾಗುತ್ತೆ, ಹಾಡಿನ ಮಧ್ಯೆ ಕೈ ಹಾಕಿ ಸೌಂಡ್‌ನವರ ಹತ್ರ ಬೈಸ್ಕೋಬೇಡಿ.

ಮಾರೋದು ಓವರ್‌ಡ್ರೈವ್, ಈಕ್ಯೂ, ಡಿಐ, ಆಕ್ಟೇವ್. ಟ್ಯೂನರ್ ಇಟ್ಕೊಳ್ಳಿ, ಹಾಡು ಹಾಡಿನ ಮಧ್ಯೆ ಮ್ಯೂಟ್ ಮಾಡೋಕೂ ಅದೇ ಆಗುತ್ತೆ. ಕಂಪ್ರೆಸರ್ ಖಂಡಿತ ಇಟ್ಕೊಳ್ಳಿ, ಟ್ಯೂನರ್ ಆದ್ಮೇಲೆ ಅದು, ಕೊನೇಲಿ ಪ್ರೀಆಂಪ್. ಕೋರಸ್ ಮನೇಲಿರ್ಲಿ, ಪ್ರೋಗ್ರಾಂ ಲಿಸ್ಟಲ್ಲಿ ಆ ಹಾಡಿದ್ರೆ ಮಾತ್ರ ಬ್ಯಾಗಿಗೆ. ಮೂರು ಬಾಕ್ಸು, ಎರಡು ಪ್ಯಾಚ್ ಕೇಬಲ್ಲು, ಬೇಸ್ ಬ್ಯಾಗಿನ ಮುಂದಿನ ಜಿಪ್ಪಲ್ಲೇ ಕೂರುತ್ತೆ.

ಪ್ರಶ್ನೆ: ನಾನು ಮಂಗಳೂರಲ್ಲಿ ಚರ್ಚ್ ಕ್ವೈರ್‌ಗೆ ಬೇಸ್ ನುಡಿಸೋದು, ಐದು ತಂತಿ ಆಕ್ಟಿವ್ ಬೇಸು. ಬೇಸಲ್ಲೇ ಪ್ರೀಆಂಪ್ ಇದೆಯಲ್ಲ, ಮತ್ತೆ ಪೆಡಲ್ ಯಾಕೆ ಅಂತಾರೆ ಮನೇಲಿ. ಹೌದಾ?
(ಮಂಗಳೂರಿನ ಓದುಗರು)

ಉತ್ತರ: ಮನೆಯವರು ಹೇಳಿದ್ದು ಅರ್ಧ ಸರಿ. ಒಳಗಿರೋ ಪ್ರೀಆಂಪ್ ಈಕ್ಯೂ ಕೊಡುತ್ತೆ, ಸಿಗ್ನಲ್‌ಗೆ ಬಲ ಕೊಡುತ್ತೆ, ಆದ್ರೆ ಬ್ಯಾಲೆನ್ಸ್ಡ್ ಔಟ್‌ಪುಟ್ ಕೊಡಲ್ಲ. ಚರ್ಚಲ್ಲಿ ಕ್ಲೀನ್ ಸೌಂಡೇ ಸಾಕು ಅಂದ್ರೆ ಒಂದು ಸಾದಾ ಡಿಐ ಬಾಕ್ಸ್ ತಗೊಂಡು ದುಡ್ಡು ಉಳಿಸಿ. ಪೆಡಲ್ಲೇ ಬೇಕು ಅಂತ ಆಸೆ ಇದ್ರೆ ಬೇಸಿನ ನಾಬ್ ಎಲ್ಲಾ ಮಧ್ಯಕ್ಕೆ ಇಟ್ಟು ಪೆಡಲ್ಲಲ್ಲಿ ಮಾತ್ರ ತಿದ್ದಿ. ಎರಡು ಕಡೆನೂ ಲೋ ಏರಿಸಿದ್ರೆ ಐದನೇ ತಂತಿಯ 31 ಹರ್ಟ್ಸ್‌ಗೆ ಆ ಎತ್ತರದ ಕಟ್ಟಡದಲ್ಲಿ ಗುಂಯ್ ಅಂತ ಪ್ರತಿಧ್ವನಿ ಬಂದು ಪಾದ್ರಿಗಳ ಮೈಕೂ ಕೇಳಲ್ಲ. ಅಲ್ಲಿ ಲೋ ಕಮ್ಮಿ ಮಾಡೋದೇ ಜಾಣತನ.

ಪ್ರಶ್ನೆ: ಮಿಕ್ಸರ್‌ನಿಂದ ಬರೋ 48 ವೋಲ್ಟಲ್ಲಿ ಪ್ರೀಆಂಪ್ ಪೆಡಲ್ ಓಡುತ್ತಂತೆ, ಬೇಸ್ ಸುಟ್ಟು ಹೋಗಲ್ವಾ?
(ಹುಬ್ಬಳ್ಳಿಯ ಓದುಗರು)

ಉತ್ತರ: ಇಲ್ರೀ, ಬೇಸಿನವರೆಗೂ ಅದು ಬರೋದೇ ಇಲ್ಲ. ಆ 48 ವೋಲ್ಟಿಗೆ ಫ್ಯಾಂಟಮ್ ಪವರ್ ಅಂತಾರೆ, ಅದು ಎಕ್ಸ್‌ಎಲ್‌ಆರ್‌ನ 2ನೇ 3ನೇ ಪಿನ್ನಲ್ಲಿ ಸಮಸಮ ಬರುತ್ತೆ, ಅದ್ರಲ್ಲಿ ಓಡೋ ಹಂಗೆ ಮಾಡಿರೋ ಪೆಡಲ್ಲು ಅಲ್ಲೇ ಬಳಸ್ಕೊಳ್ಳುತ್ತೆ. ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್, ಮೊದಲಿನ ಮಾಡೆಲ್ ಟೋನ್ ಹ್ಯಾಮರ್ ಎರಡೂ ಓಡ್ತವೆ, ಬೇರೇದಾದ್ರೆ ಮ್ಯಾನ್ಯುಯಲ್ ನೋಡಿ. ಕೇಬಲ್ ಹಾಕೋವಾಗ ತೆಗೆಯೋವಾಗ ಮಾತ್ರ ಚಾನೆಲ್ ಮ್ಯೂಟ್ ಮಾಡೋಕೆ ಹೇಳಿ, ಇಲ್ಲಾಂದ್ರೆ ಧಡ್ ಅಂತ ಸೌಂಡ್ ಬಂದು ಮುಂದೆ ಕೂತವ್ರು ಹೌಹಾರ್ತಾರೆ. ಮತ್ತೆ ಸಣ್ಣ ಮಿಕ್ಸರ್‌ನಲ್ಲಿ ಎಷ್ಟೋ ಸಲ ಫ್ಯಾಂಟಮ್ ಕೆಲಸನೇ ಮಾಡಲ್ಲ, ಅದನ್ನೇ ನಂಬ್ಕೊಂಡು ಹೋಗ್ಬೇಡಿ, ಒಂದು ಹೊಸ 9 ವೋಲ್ಟ್ ಬ್ಯಾಟರಿ (ಮೊದಲಿನ ಟೋನ್ ಹ್ಯಾಮರ್‌ಗಾದ್ರೆ ಎರಡು) ಒಳಗಿರ್ಲಿ. ಇನ್‌ಪುಟ್ ಜಾಕಲ್ಲಿ ಕೇಬಲ್ ಚುಚ್ಚಿ ಬಿಟ್ರೆ ಬ್ಯಾಟರಿ ಖಾಲಿ ಆಗ್ತಾನೇ ಇರುತ್ತೆ, ಊಟಕ್ಕೆ ಹೋಗೋವಾಗ ಕಿತ್ತಿಟ್ಟು ಹೋಗಿ.