ಪ್ರತಿಕ್ರಿಯೆ: ತೀರ್ಥಹಳ್ಳಿ ಹೋಮ್‌ಸ್ಟೇ ವೆಬ್‌ಸೈಟ್ ಗೂಗಲ್‌ನಲ್ಲಿ ಬರುತ್ತಿಲ್ಲ, ಬ್ಯಾಕ್‌ಲಿಂಕ್ ಕೊಳ್ಳಬೇಕಾ?

ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್) ಕೊರತೆ ಕಾರಣವಲ್ಲ. ಹೋಮ್‌ಸ್ಟೇ ಹೆಸರನ್ನೇ ಟೈಪ್ ಮಾಡಿದರೂ ಸೈಟ್ ಕಾಣಿಸಲ್ಲ ಅಂದಿದ್ದೀರಿ. ಹಾಗಾದರೆ ಪುಟಗಳು ಗೂಗಲ್ ಇಂಡೆಕ್ಸಿಗೇ, ಅಂದರೆ ಅದು ಹುಡುಕಿ ತೋರಿಸುವ ಪುಟಗಳ ಪಟ್ಟಿಗೇ, ಸೇರಿಲ್ಲದಿರುವ ಸಾಧ್ಯತೆ ಹೆಚ್ಚು.

ಮೊದಲು ಸರ್ಚ್ ಕನ್ಸೋಲ್‌ಗೆ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ಸೈಟ್ ಸೇರಿಸಿ, ಮೇಲಿನ ಪೆಟ್ಟಿಗೆಯಲ್ಲಿ ಮುಖಪುಟದ ವಿಳಾಸ ಹಾಕಿ ನೋಡಿ. ‘ನೋಇಂಡೆಕ್ಸ್’ (ಇಂಡೆಕ್ಸಿಗೆ ಸೇರಿಸಬೇಡಿ) ಅಂತ ಬಂದರೆ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್‌ಗೆ ಹೋಗಿ, ಸರ್ಚ್ ಎಂಜಿನ್‌ಗಳನ್ನು ತಡೆಯುವ ಟಿಕ್ ತೆಗೆಯಿರಿ. ಸೈಟ್ ಕಟ್ಟುವಾಗ ಹಾಕಿದ್ದನ್ನು ತೆಗೆಯಲು ಮರೆಯುವುದು ಮಾಮೂಲು. ಆಮೇಲೆ ಕನ್ಸೋಲ್‌ನಲ್ಲೇ ಇಂಡೆಕ್ಸಿಂಗ್‌ಗೆ ಕೋರಿಕೆ ಕೊಡಿ. ಕೆಲವು ದಿನವೂ ಆಗಬಹುದು, ಕೆಲವು ವಾರವೂ. ದಿನಾ ಒತ್ತಿದರೆ ಬೇಗ ಆಗಲ್ಲ.

ಪುಟದ ಅಡಿಯಲ್ಲಿ ಆಗುಂಬೆ, ಕುಪ್ಪಳಿ, ಮಂಡಗದ್ದೆ, ಜೋಗ ಅಂತ ಸುರಿದಿರುವ ಹೆಸರುಗಳನ್ನು ಅಳಿಸಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾಗಿ ಅಡಗಿಸಿದ್ದರಂತೂ ಅದು ಗೂಗಲ್ ಲೆಕ್ಕದಲ್ಲಿ ಸ್ಪ್ಯಾಮ್. ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಹಾಕುವ ಪದಗಳ ಪಟ್ಟಿ) ತುಂಬಿಸುವುದೂ ವ್ಯರ್ಥ. ರ‍್ಯಾಂಕಿಂಗ್‌ಗೆ ಅದನ್ನು ಬಳಸಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಬದಲಿಗೆ ಕವಲೇದುರ್ಗದ ಕೋಟೆಯ ಬಗ್ಗೆ ಒಂದು ಪೂರ್ತಿ ಪುಟ ಬರೆಯಿರಿ: ನಿಮ್ಮಲ್ಲಿಂದ ಎಷ್ಟು ಕಿಲೋಮೀಟರ್, ಬಸ್ ಎಲ್ಲಿವರೆಗೆ, ಮಳೆಗಾಲದಲ್ಲಿ ಉಂಬಳದ ಕಾಟ ಎಷ್ಟು. ಜನ ಹುಡುಕುವುದು ಇದನ್ನೇ.

ಸಾವಿರ ಬ್ಯಾಕ್‌ಲಿಂಕ್ ಪ್ಯಾಕೇಜ್ ಬೇಡವೇ ಬೇಡ. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಜಾಹೀರಾತಿಗೆ ದುಡ್ಡು ಹಾಕಿದರೂ ಮಾಮೂಲು ಫಲಿತಾಂಶದಲ್ಲಿ ಸ್ಥಾನ ಏರಲ್ಲ.

ದುಡ್ಡಿಲ್ಲದೆ ಆಗುವ ಕೆಲಸ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಹೋಮ್‌ಸ್ಟೇ ವಿವರ. ಮ್ಯಾಪ್‌ನ ಪಿನ್ ಊರ ಮಧ್ಯೆ ಬಿಡದೆ ನಿಮ್ಮ ಗೇಟಿನ ಹತ್ತಿರವೇ ಇಡಿ, ಸೈಟ್‌ನಲ್ಲಿರುವ ಹೆಸರು, ಫೋನ್ ನಂಬರನ್ನೇ ಅಲ್ಲೂ ಹಾಕಿ, ಉಳಿದು ಹೋದ ಅತಿಥಿಗಳಿಗೆ ರಿವ್ಯೂ ಬರೆಯಲು ಹೇಳಿ.